ಬೆರಳಗಲದ ಸಂದು

ಆ ದಿನ ಬೆಳಗ್ಗೆ ಗಾಳಿ ಎಂಬುದೇ ಇರಲಿಲ್ಲ. ಮೋಡ ಶೆಡ್ಡಿನ ತಗಡಿಗೆ ತಾಗುವಷ್ಟು ಕೆಳಗಿಳಿದು, ಮಳೆಯನ್ನೂ ಸುರಿಸದೆ ಬಿಸಿಲಿಗೂ ದಾರಿ ಬಿಡದೆ, ಹೇಳಬೇಕಾದ ಮಾತನ್ನು ಬಾಯಲ್ಲೇ ಇಟ್ಟುಕೊಂಡವರ ಹಾಗೆ ಕೂತಿತ್ತು. ಅಂಥ ದಿನಗಳಲ್ಲಿ ಕಬ್ಬಿಣ ಬೆವರುತ್ತದೆ. ಮೇಸ್ತ್ರಿ ಬಾಗಿಲು ಸರಿಸಿ ಒಳಗೆ ಬಂದು, ಗೋಡೆಗೆ ಸಾಲಾಗಿ ತೂಗುಹಾಕಿದ ಸ್ಪಾನರುಗಳನ್ನು ಬೆರಳಿಂದ ಸವರಿ ನೋಡಿದ. ಒಂದೊಂದರ ಮೈಮೇಲೂ ತೆಳ್ಳನೆಯ ನೀರಿನ ಪೊರೆ. ಹಳೆ ಪಂಚೆಯ ತುಂಡಿನಿಂದ ಒಂದೊಂದನ್ನೇ ಒರೆಸುತ್ತ ಬಂದವನು ಕೊನೆಯ ಮೊಳೆಯ ಹತ್ತಿರ ನಿಂತ. ಆ ಮೊಳೆ ಖಾಲಿ. ಖಾಲಿ ಮಾಡಿದವನು ತಾನೇ ಎಂದು ಗೊತ್ತಿದ್ದೂ, ಯಾರೋ ಕದ್ದೊಯ್ದ ಜಾಗವನ್ನು ನೋಡುವಂತೆ ಅದನ್ನು ನೋಡಿದ. ನಿತ್ಯದ ಪದ್ಧತಿಯಂತೆ ಕೆಲಸದ ಮೇಜಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದ. ಇಷ್ಟು ವರ್ಷಗಳಿಂದ ದೇವರಲ್ಲಿ ಅವನು ಕೇಳಿಕೊಂಡು ಬಂದಿದ್ದು ಒಂದೇ ಮಾತು: ನಾನು ಮುಟ್ಟಿದ್ದು ಕೆಡದಿರಲಿ. ಇವತ್ತು ಆ ಮಾತು ಗಂಟಲಿನವರೆಗೆ ಬಂದು, ಅಲ್ಲಿ ಏನನ್ನೋ ನೋಡಿದ ಹಾಗೆ ಹಿಂದಕ್ಕೆ ಹೋಯಿತು. ಅವನು ಕಣ್ಣು ತೆರೆದ. ಮೇಜಿನ ಮೇಲೆ ಅವನ ಅಂಗೈಯ ಒದ್ದೆ ಗುರುತು ಐದು ಬೆರಳಿನ ಸಮೇತ ಮೂಡಿತ್ತು.

ಶೆಡ್ಡಿನ ನಡುವೆ, ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ ನರ್ಸಮ್ಮನ ಕಾರು ನಿಂತಿತ್ತು. ಕೆನೆಬಣ್ಣದ, ಗುಂಡು ಬೆನ್ನಿನ, ಈಗ ರಸ್ತೆಯಲ್ಲಿ ಹೋದರೆ ಜನ ಕೆಲಸ ಬಿಟ್ಟು ತಿರುಗಿ ನೋಡುವಂಥ ಹಳೆಯ ಕಾರು. ಬಾನೆಟ್ಟು ಬಿಚ್ಚಿ ಗೋಡೆಗೊರಗಿಸಿದ್ದರಿಂದ ಅದರ ಮುಂಭಾಗ ಹಲ್ಲಿಲ್ಲದ ಮುದುಕಿಯ ಬಾಯಂತೆ ತೆರೆದುಕೊಂಡಿತ್ತು. ಎರಡು ತಿಂಗಳು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಾಯಿಸಿ, ಮತ್ತೆ ಜೋಡಿಸಿದ ಎಂಜಿನ್ನು ಮರದ ದಿಮ್ಮಿಯ ಮೇಲೆ ಹೊಸ ಬಣ್ಣದಲ್ಲಿ ಕೂತಿತ್ತು. ಅದರ ಪಕ್ಕದಲ್ಲಿ, ಗೋಣಿಚೀಲದ ಮೇಲೆ, ಗೇರ್‌ಬಾಕ್ಸು. ಗಂಟೆಯಂತೆ ಅಗಲವಾದ ಅದರ ಬಾಯಿಯ ಸುತ್ತ ಬೋಲ್ಟು ಹಾಕಲು ಆರು ಕಿವಿಗಳಿವೆ. ಐದು ಕಿವಿ ನುಣುಪು. ಆರನೆಯದರ ಬುಡದಲ್ಲಿ ಬೆಸುಗೆಯ ಗಂಟು. ಎರಡು ತಿಂಗಳ ಹಿಂದೆ ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಮಣ್ಣು, ಗ್ರೀಸು ತಿಕ್ಕುತ್ತಿದ್ದಾಗ ಅದು ನಿಧಾನವಾಗಿ, ಹಳೆ ಗಾಯದ ಕಲೆಯಂತೆ, ಬಯಲಿಗೆ ಬಂದಿತ್ತು. ಅವನು ಬ್ರಷ್ಷು ಕೆಳಗಿಟ್ಟಿದ್ದ. ಆ ದಿನ ಮಧ್ಯಾಹ್ನ ಹೆಂಡತಿ ಊಟಕ್ಕೆ ಕರೆದಾಗ ಕೆಲಸವಿದೆ ಎಂದಿದ್ದ. ಆ ಕಿವಿ ಮುರಿದು ಇಪ್ಪತ್ತೆಂಟು ವರ್ಷವಾಗಿತ್ತು. ಆದರೂ ಅವನಿಗೆ ಅದು ನಿನ್ನೆಯದೇ ಸುದ್ದಿ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಎಂಬ ತಟ್ಟೆ ಕೂರುತ್ತದೆ. ಅದನ್ನು ಬಿಗಿಯುವ ಮೊದಲು ಸರಿಯಾಗಿ ನಡುವಿಗೆ ತರಬೇಕು. ಕೂದಲೆಳೆ ಆಚೀಚೆ ಆದರೂ ಗೇರ್‌ಬಾಕ್ಸಿನ ಶಾಫ್ಟು ಅದನ್ನು ತೂರಿ ಹೋಗಿ ಎಂಜಿನ್ನಿನ ಎದೆಯಲ್ಲಿರುವ ಸಣ್ಣ ತೂತಿಗೆ ಕೂರುವುದಿಲ್ಲ. ಕೂರದಿದ್ದರೆ ಎರಡರ ನಡುವೆ ಒಂದು ಬೆರಳಗಲದ ಸಂದು ಉಳಿಯುತ್ತದೆ. ಈ ಶೆಡ್ಡನ್ನು ಕಟ್ಟಿದ ದೊಡ್ಡ ಮೇಸ್ತ್ರಿ, ಅವನಿಗೆ ವಿದ್ಯೆ ಹೇಳಿಕೊಟ್ಟವರು, ಅದಕ್ಕೆಂದೇ ಹಾಳಾದ ಒಂದು ಗೇರ್‌ಬಾಕ್ಸಿನಿಂದ ಶಾಫ್ಟು ಕತ್ತರಿಸಿ ತೆಗೆದು, ಮರಳು ಕಾಗದದಲ್ಲಿ ತಿಂಗಳುಗಟ್ಟಲೆ ಉಜ್ಜಿ, ಹಿಡಿಯುವ ತುದಿಗೆ ಅರದಿಂದ ಮೂರು ಗೀಟು ಎಳೆದು ಇಟ್ಟುಕೊಂಡಿದ್ದರು. ಅದನ್ನು ತೂರಿಸಿ ಹಿಡಿದರೆ ಪ್ಲೇಟು ತಾನೇ ನಡುವಿಗೆ ಬರುತ್ತಿತ್ತು. ಬೋಲ್ಟು ಇರೋದು ಹಿಡ್ಕೊಳ್ಳೋಕೆ, ಎಳೆಯೋಕಲ್ಲ, ಎನ್ನುತ್ತಿದ್ದರು ಅವರು, ಬೇರೆಯವರು ದೇವರ ಹೆಸರು ಹೇಳುವ ದನಿಯಲ್ಲಿ. ಆ ಶಾಫ್ಟು ಈಗ ಶೆಡ್ಡಿನ ಹಿಂದಿನ ಮನೆಯಲ್ಲಿ, ಕಬ್ಬಿಣದ ಟ್ರಂಕಿನಲ್ಲಿ, ಚಳಿಗಾಲದ ಹೊದಿಕೆಗಳ ಕೆಳಗೆ ಮಲಗಿತ್ತು. ನಿನ್ನೆ ಸಂಜೆ ಅವನು ಅದನ್ನು ಒಯ್ದು ಅಲ್ಲಿಟ್ಟಾಗ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಿ, ಕಬ್ಬಿಣಕ್ಕೂ ಚಳಿಯಾಗುತ್ತಾ ಎಂದು ಕೇಳಿದ್ದಳು. ತುಕ್ಕು ಹಿಡಿಯುತ್ತೆ ಅಂತ, ಎಂದಿದ್ದ. ಅವಳು ದಾರ ಪೋಣಿಸುವುದಕ್ಕೆ ಸೂಜಿಯನ್ನು ಬೆಳಕಿಗೆ ಹಿಡಿದಳು. ಗಂಡನ ಸುಳ್ಳು ಅವಳಿಗೆ ದಾರದಷ್ಟೇ ಸಲೀಸಾಗಿ ಕಾಣುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

ಮುಚ್ಚಿಟ್ಟದ್ದು ತುಕ್ಕಿಗೆ ಹೆದರಿ ಅಲ್ಲ, ಭಾರಣ್ಣನಿಗೆ ಹೆದರಿ. ಶೆಡ್ಡಿನ ರಾಟೆಯ ಸರಪಳಿ ಕಳೆದ ವಾರ ಕೊಂಡಿಯಲ್ಲಿ ಸೀಳು ಬಿಟ್ಟಿತ್ತು. ಎಂಜಿನ್ನು ಎತ್ತಲು ಏನು ಮಾಡುವುದೆಂದು ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ ನರ್ಸಮ್ಮನೇ, ಅದಕ್ಯಾಕೆ ಯೋಚನೆ, ಭಾರಣ್ಣನಿಗೆ ಹೇಳಿದೀನಿ, ಮೂರು ಕಾಲಿನ ಸ್ಟ್ಯಾಂಡು ತಗೊಂಡು ಶನಿವಾರ ಬರ್ತಾನೆ, ಎಂದುಬಿಟ್ಟಿದ್ದರು. ಬೇಡವೆನ್ನಲು ಕಾರಣ ಬೇಕು. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ.

ಭಾರಣ್ಣ ಎಂಬುದು ಹೆಸರಲ್ಲ. ಬಾವಿಯೊಳಗಿನ ಪಂಪು, ಅಂಗಡಿಯ ತಿಜೋರಿ, ಮುರಿದ ಗೇಟು, ಯಾವುದನ್ನೇ ಎತ್ತಬೇಕಾದರೂ ಜನ ಅವನನ್ನು ಕರೆಯುತ್ತಾರೆ. ಭಾರ ಎತ್ತುವವನು ಭಾರಣ್ಣ, ಇನ್ನೇನು ಎಂದುಕೊಂಡಿದ್ದಾರೆ. ಆ ಹೆಸರು ಎಲ್ಲಿ ಹುಟ್ಟಿತೆಂದು ತಿಳಿದವರು ನಾಲ್ವರೇ, ಅವರಲ್ಲಿ ದೊಡ್ಡ ಮೇಸ್ತ್ರಿ ಈಗಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಈ ಶೆಡ್ಡಿನಲ್ಲಿ ಮೇಸ್ತ್ರಿ, ಭಾರಣ್ಣ ಇಬ್ಬರೂ ಒಟ್ಟಿಗೆ ಕೆಲಸ ಕಲಿತವರು. ಒಂದೇ ಬುತ್ತಿಯಲ್ಲಿ ಉಂಡವರು. ಲೋ ಎಂದು ಕರೆದರೆ ಇಬ್ಬರೂ ತಿರುಗುತ್ತಿದ್ದರು. ಇದೇ ಕಾರು, ಇದೇ ಜಾಗ. ದೊಡ್ಡ ಮೇಸ್ತ್ರಿ ಆಯಿಲ್ ಸೀಲು ತರಲು ಪೇಟೆಗೆ ಹೋಗಿದ್ದರು. ನಾನು ಬರೋವರೆಗೆ ಜೋಡಿಸಬೇಡಿ ಎಂದಿದ್ದರು. ಅಷ್ಟರಲ್ಲಿ ನರ್ಸಮ್ಮ ಕೈಯಲ್ಲಿ ಚೀಲ ಹಿಡಿದು ಬಾಗಿಲಿಗೆ ಬಂದು ನಿಂತರು, ಎಲ್ಲೋ ಒಬ್ಬಳಿಗೆ ಹೆರಿಗೆ ನೋವು ಶುರುವಾಗಿದೆ ಎಂದು. ಅವರು ಅವಸರ ಮಾಡಲಿಲ್ಲ. ಸುಮ್ಮನೆ ನಿಂತಿದ್ದರು, ಅಷ್ಟೇ. ಆ ನಿಲುವನ್ನು ನೋಡಿ ಇಂದಿನ ಮೇಸ್ತ್ರಿಯ ಕೈಗೆ ಅವಸರ ಬಂತು. ಕರುಣೆಯೋ, ತಾನು ಮಾಡಿ ತೋರಿಸಬೇಕೆಂಬ ಜಂಭವೋ, ಇವತ್ತಿಗೂ ಅವನಿಗೆ ಬಿಡಿಸಿ ಹೇಳಲು ಬರುವುದಿಲ್ಲ. ಗೇರ್‌ಬಾಕ್ಸು ಬೆರಳಗಲ ಉಳಿಸಿ ನಿಂತುಬಿಟ್ಟಿತು. ಪ್ಲೇಟು ನಡುವಿಗೆ ಬಂದಿರಲಿಲ್ಲ. ಅವನು ಎರಡು ಬೋಲ್ಟು ಹಾಕಿ ಎಳೆದ. ಇತ್ತ ಕಾಲು ತಿರುವು, ಅತ್ತ ಕಾಲು ತಿರುವು. ಸಂದು ಕಿರಿದಾಯಿತು. ಆಗ ಒಂದು ಸದ್ದು, ಟಿಣ್ ಎಂದು, ಎಲ್ಲೋ ಒಳಕೋಣೆಯಲ್ಲಿ ಬಳೆ ಒಡೆದಷ್ಟು ಸಣ್ಣದು. ಅವನಿಗೆ ಮಾತ್ರ ಕೇಳಿಸಿತು. ಅವನು ಸ್ಪಾನರನ್ನು ಗೆಳೆಯನ ಕೈಗೆ ಕೊಟ್ಟು, ಕೊನೇ ತಿರುವು ನೀನು ಕೊಡು, ನಾನು ಜಾಕು ಹಿಡೀತೀನಿ, ಎಂದ. ಗೆಳೆಯ ನಕ್ಕು ತಿರುವಿದ. ಕಿವಿ ಕಳಚಿ ನೆಲಕ್ಕೆ ಬಿತ್ತು.

ದೊಡ್ಡ ಮೇಸ್ತ್ರಿ ಬಂದು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸ್ಪಾನರು ಹಿಡಿದೇ ನಿಂತಿದ್ದವನ ಅಂಗೈಯನ್ನು ತಿರುಗಿಸಿ, ಹಸ್ತ ನೋಡಿ ಭವಿಷ್ಯ ಹೇಳುವವರಂತೆ ಬಹಳ ಹೊತ್ತು ನೋಡಿ, ಕೈ ಭಾರ ಕಣಪ್ಪ ನಿಂದು, ಇದು ನಿನ್ನ ಕೆಲಸ ಅಲ್ಲ, ಎಂದರು. ನರ್ಸಮ್ಮ ಅದನ್ನು ಕೇಳಿಸಿಕೊಂಡು, ನಡೆದೇ ಹೋದರು. ಮಗು ಸುಸೂತ್ರವಾಗಿ ಹುಟ್ಟಿತಂತೆ. ಮುಂದೆ ನರ್ಸಮ್ಮ ತಮಾಷೆಗೆ ಭಾರದ ಕೈಯವನು ಎಂದು ಕರೆದದ್ದೇ ಊರ ಬಾಯಲ್ಲಿ ಭಾರಣ್ಣ ಆಯಿತು. ಹತ್ತು ವರ್ಷದ ಮೇಲೆ, ಕಣ್ಣು ಮಂಜಾಗಿ ಕೆಲಸ ಬಿಡುವ ದಿನ, ದೊಡ್ಡ ಮೇಸ್ತ್ರಿ ಶಾಫ್ಟನ್ನು ನೀಲಿ ಬಟ್ಟೆಯಲ್ಲಿ ಸುತ್ತಿ ಈಗಿನ ಮೇಸ್ತ್ರಿಯ ಕೈಗಿಟ್ಟು, ಇದು ಅವನಿಗೆ ಅಂತ ಇಟ್ಟಿದ್ದೆ, ಅವನ ಹಣೆಬರಹ, ನಿನ್ನ ಹತ್ರ ಇರಲಿ, ಎಂದಿದ್ದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಅವನು ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದ. ಆ ನಮಸ್ಕಾರ ಅವನನ್ನು ಇಂದಿಗೂ ಬಿಟ್ಟಿಲ್ಲ. ಕೆಲವೊಮ್ಮೆ ಬೂಟಿನ ಲಾಡಿ ಕಟ್ಟಲು ಬಗ್ಗಿದಾಗ ಇದ್ದಕ್ಕಿದ್ದಂತೆ ಮುಖ ಬಿಸಿಯಾಗುತ್ತದೆ.

ಹೊರಗೆ ಕೈಗಾಡಿಯ ಸದ್ದಾಯಿತು. ಭಾರಣ್ಣ ಬಂದ. ತಲೆಯೆಲ್ಲ ಬೆಳ್ಳಗಾಗಿದ್ದರೂ ಭುಜ ಹಾಗೇ ಇತ್ತು. ಮೂರು ಉದ್ದನೆಯ ಪೈಪುಗಳನ್ನು ಇಳಿಸಿ, ಸರಪಳಿಯ ಚೀಲವನ್ನು ನೆಲಕ್ಕೆ ತಾಕಿಸುವಾಗ ಸದ್ದೇ ಆಗದಂತೆ ಇಟ್ಟು, "ಎಲ್ಲಿ ನಿಲ್ಲಿಸ್ಲಿ ಮೇಸ್ತ್ರಿ?" ಎಂದು ಕೇಳಿದ. ಇಷ್ಟು ವರ್ಷ ಬೀದಿಯಲ್ಲಿ ಎದುರಾದಾಗಲೂ ಅವನ ಮಾತು ಹೀಗೇ. ಮೇಸ್ತ್ರಿ, ನೀವು, ಬನ್ನಿ, ಹೋಗಿ. ಅಷ್ಟು ಮರ್ಯಾದೆಯನ್ನು ತಡೆದುಕೊಳ್ಳುವುದು ಸುಲಭವಲ್ಲ. ಮೇಸ್ತ್ರಿ ಜಾಗ ತೋರಿಸಿದ. ಭಾರಣ್ಣ ಪೈಪುಗಳ ನೆತ್ತಿ ಸೇರಿಸಿ, ಕಾಲು ಅಗಲಿಸಿ, ನಡುವೆ ಕಾರು ತೂರುವಷ್ಟು ಜಾಗ ಬಿಟ್ಟು, ಕಾಲುಗಳಿಗೆ ಹಗ್ಗ ಕಟ್ಟಿ, ಸರಪಳಿ ತೂಗುಹಾಕಿದ. ಕೆಲಸದಲ್ಲಿ ಒಂದು ಹೆಚ್ಚಿನ ಚಲನೆಯಿಲ್ಲ. ಅವನು ಪ್ರತಿಯೊಂದು ಗಂಟನ್ನೂ ಹಾಕಿ, ಅದರ ಮೇಲೆ ಎರಡು ಬೆರಳಿಟ್ಟು, ಒಪ್ಪಿಗೆ ಕೇಳಿದ ಹಾಗೆ ಒಂದು ಕ್ಷಣ ಕಾಯುತ್ತಿದ್ದ. ಇದು ಭಾರದ ಕೈಯೇ? ಎಂದು ಮೇಸ್ತ್ರಿಗೆ ಅನ್ನಿಸಿತು. ಅನ್ನಿಸಿದ್ದು ಹೊಸತೇನೂ ಅಲ್ಲ.

ನರ್ಸಮ್ಮ ಛತ್ರಿಯನ್ನು ಊರುಗೋಲು ಮಾಡಿಕೊಂಡು ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರು. ಎಪ್ಪತ್ತು ದಾಟಿದೆ, ಕಣ್ಣು ಪರೀಕ್ಷೆಯಲ್ಲಿ ಪಾಸಾಗಿ ಲೈಸೆನ್ಸು ಇನ್ನೊಂದು ವರ್ಷಕ್ಕೆ ಸಿಕ್ಕಿದೆ. ಆ ಒಂದು ವರ್ಷವನ್ನು ಸ್ಟೇರಿಂಗಿನ ಹಿಂದೆಯೇ ಕಳೆಯುತ್ತೇನೆಂದು ಹಟ ಹಿಡಿದಿದ್ದರು. ನನ್ನ ಮಂಡಿ ಬಿಚ್ಚಿ ಜೋಡಿಸೋಕೆ ಡಾಕ್ಟ್ರು ನಾಲ್ಕು ಗಂಟೆ ತಗೊಂಡ್ರು, ನಿನಗೆ ಇದರದ್ದಕ್ಕೆ ಎರಡು ತಿಂಗಳು ಬೇಕಾಯ್ತು ನೋಡು, ಎಂದು ಮೇಸ್ತ್ರಿಯನ್ನು ಕೆಣಕಿದರು. ಭಾರಣ್ಣನ ಕಡೆ ತಿರುಗಿ, ಮೊಮ್ಮಗಳಿಗೆ ಮೂರು ವಾರ ತುಂಬಿತಂತೆ, ನೋಡೋಕೆ ಹೋದೆಯಾ ಎಂದು ವಿಚಾರಿಸಿದರು. ಹೋಗಿದ್ದೆ, ಬಾಗಿಲಲ್ಲೇ ನಿಂತು ನೋಡ್ಕೊಂಡು ಬಂದೆ, ಎಂದು ಅವನು ಸರಪಳಿಗೆ ಹೇಳುವಂತೆ ಹೇಳಿದ. ಅವನ ಮಗಳು ಹುಟ್ಟಿದ್ದೇ ಈ ಕಾರಿನ ಹಿಂದಿನ ಸೀಟಿನಲ್ಲಿ, ಆಸ್ಪತ್ರೆ ಇನ್ನೂ ಅರ್ಧ ಮೈಲಿ ಇರುವಾಗ. ಅದನ್ನು ನರ್ಸಮ್ಮ ಎಲ್ಲರಿಗೂ ಹೇಳುತ್ತಿದ್ದರು. ಇವತ್ತೇಕೋ ಹೇಳಲಿಲ್ಲ.

ಎಂಜಿನ್ನು ದಿಮ್ಮಿಯಿಂದ ಮೇಲೆದ್ದು ಸೊಂಟದೆತ್ತರಕ್ಕೆ ತೂಗಿತು. ಮೇಸ್ತ್ರಿ ಕ್ಲಚ್ ಪ್ಲೇಟ್ ಇಟ್ಟು, ಅದರ ಮೇಲೆ ಒತ್ತುವ ಮುಚ್ಚಳ ಇಟ್ಟು, ಜೇಬಿನಿಂದ ಒಂದು ಮರದ ಕಡ್ಡಿ ತೆಗೆದ. ಪೊರಕೆಯ ಹಿಡಿ ಕತ್ತರಿಸಿ, ಟೇಪು ಸುತ್ತಿ, ದಪ್ಪ ಸರಿಮಾಡಿದ್ದು. ರಾತ್ರಿ ಊಟಕ್ಕೆ ಮೊದಲು ಕೂತು ಮಾಡಿದ್ದ. ಭಾರಣ್ಣ ಆ ಕಡ್ಡಿಯನ್ನು ನೋಡಿದ. ಅವನ ಕಣ್ಣು ಒಮ್ಮೆ ಗೋಡೆಯ ಸಾಲಿನ ಕೊನೆಗೆ, ಖಾಲಿ ಮೊಳೆಗೆ ಹೋಗಿ ಬಂದದ್ದನ್ನು ಮೇಸ್ತ್ರಿ ಕಂಡ. ದೊಡ್ಡ ಮೇಸ್ತ್ರಿಯ ಕಾಲದಲ್ಲೂ ಶಾಫ್ಟು ತೂಗುತ್ತಿದ್ದುದು ಅದೇ ಮೊಳೆಗೆ. ಕಡ್ಡಿ ತೂರಿಸಿ, ಕಣ್ಣಳತೆಯಲ್ಲಿ ನಡುವಿಗೆ ತಂದು, ಬೋಲ್ಟು ಬಿಗಿದ. ಕನ್ನಡಕದ ಗಾಜಿನ ಮೇಲೆ ಬೆವರು ಇಳಿಯಿತು. ಆಗಬಹುದು, ಎಂದುಕೊಂಡ. ಆಗಬಹುದು ಎಂಬ ಮಾತು ಈ ಶೆಡ್ಡಿನಲ್ಲಿ ಹಿಂದೆ ನಡೆಯುತ್ತಿರಲಿಲ್ಲ.

ಇಬ್ಬರೂ ಗೇರ್‌ಬಾಕ್ಸನ್ನು ಎತ್ತಿ ಚಕ್ರದ ಜಾಕಿನ ಮೇಲಿಟ್ಟು ಮುಂದಕ್ಕೆ ತಳ್ಳಿದರು. ಅದರದೇ ಶಾಫ್ಟು ಪ್ಲೇಟಿನ ಹಲ್ಲಿಗೆ ಹಲ್ಲು ಕೂಡಿ ಒಳಹೋಯಿತು, ಹೋಗಿ, ನಿಂತಿತು. ಅಲುಗಾಡಿಸಿದರು. ಹಿಂದಕ್ಕೆ ತಂದು ಮತ್ತೆ ತಳ್ಳಿದರು. ಭಾರಣ್ಣ ಸರಪಳಿಯಲ್ಲಿ ಒಂದು ಕೊಂಡಿ ಇಳಿಸಿದ, ಎರಡು ಕೊಂಡಿ ಏರಿಸಿದ. ಎಂಜಿನ್ನಿಗೂ ಗಂಟೆಬಾಯಿಗೂ ನಡುವೆ ಉಳಿದದ್ದು ಬೆರಳಗಲದ ಸಂದು. ಅದೇ ಅಳತೆ. ದೇವರು ಇಷ್ಟು ಕರಾರುವಾಕ್ಕಾಗಿ ಅಳೆಯುತ್ತಾನೆಂದು ಮೇಸ್ತ್ರಿ ಎಣಿಸಿರಲಿಲ್ಲ. ಅವನ ಎಡಗೈ ತಾನಾಗಿ ಬೋಲ್ಟಿನ ಡಬ್ಬಿಗೆ ಹೋಯಿತು. ಎರಡು ಉದ್ದನೆಯ ಬೋಲ್ಟು ಆರಿಸಿತು. ಬಲಗೈ ಸ್ಪಾನರು ಹಿಡಿಯಿತು. ಕೈಗಳಿಗೆ ದಾರಿ ನೆನಪಿತ್ತು. ಅವನನ್ನು ಕೇಳುವ ಅಗತ್ಯ ಬೀಳಲಿಲ್ಲ. ಒಂದು ಬೋಲ್ಟನ್ನು ಬೆಸುಗೆಯಿದ್ದ ಕಿವಿಗೇ ಪೋಣಿಸಿ, ಕೈಯಲ್ಲಿ ಎರಡು ಸುತ್ತು ಕೂರಿಸಿದ ಮೇಲೆ ಏನು ಮಾಡುತ್ತಿದ್ದೇನೆಂದು ತಿಳಿದು ತಲೆಯೆತ್ತಿದ. ಭಾರಣ್ಣ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೇವರ ಕೋಣೆಯ ಹೊಸ್ತಿಲಲ್ಲಿ ಮೈಲಿಗೆಯವನೆಂದು ತನ್ನನ್ನು ತಾನೇ ತಡೆದುಕೊಂಡವನಂತೆ ನಿಂತಿದ್ದ.

"ನೀವೇ ಮಾಡ್ಕೊಳ್ಳಿ ಮೇಸ್ತ್ರಿ," ಎಂದ. "ನನ್ನ ಕೈ ಭಾರ. ಆ ಕಿವಿ ಒಂದ್ಸಲ ಕಂಡಿದೆ ಅದನ್ನ."

ದನಿಯಲ್ಲಿ ಕುಟುಕಿರಲಿಲ್ಲ. ಅದೇ ಕೆಟ್ಟದ್ದು. ಬಣ್ಣ ಕಪ್ಪು, ಎತ್ತರ ಇಷ್ಟು, ಕೈ ಭಾರ ಎಂದು ತನ್ನ ಗುರುತು ಹೇಳುವಷ್ಟು ಸಹಜವಾಗಿ ಹೇಳಿದ್ದ. ಇಷ್ಟು ದಿನ ಮೇಸ್ತ್ರಿ ತನ್ನ ಮನಸ್ಸಿನಲ್ಲಿ ಒಂದು ಸಮಾಧಾನ ಇಟ್ಟುಕೊಂಡಿದ್ದ: ಅವನಿಗೆ ನಿಜ ಗೊತ್ತಿದೆ, ಗೊತ್ತಿದ್ದೂ ದೊಡ್ಡ ಮನಸ್ಸಿನಿಂದ ಸುಮ್ಮನಿದ್ದಾನೆ, ಆ ಬಹುವಚನ ಅದರದ್ದೇ ಏಟು ಎಂದು. ಏಟು ತಿನ್ನುತ್ತಿರುವವನಿಗೆ ಸಾಲ ತೀರುತ್ತಿದೆ ಎಂಬ ಭ್ರಮೆ ಇರುತ್ತದೆ. ಈಗ ನೋಡಿದರೆ ಅವನು ಏಟು ಕೊಡುತ್ತಲೇ ಇರಲಿಲ್ಲ. ಅವನು ನಂಬಿದ್ದ. ಇಪ್ಪತ್ತೆಂಟು ವರ್ಷ ತನ್ನ ಕೈಯನ್ನೇ ಅಪರಾಧಿಯೆಂದು ನಂಬಿ, ಅದನ್ನು ಜೊತೆಯಲ್ಲಿಟ್ಟುಕೊಂಡು, ಅದಕ್ಕೆ ತಕ್ಕ ಕೆಲಸ ಹುಡುಕಿಕೊಟ್ಟು, ಅದರಿಂದಲೇ ಅನ್ನ ಉಂಡಿದ್ದ. ಬೀದಿಯಲ್ಲಿ ಭಾರಣ್ಣ ಎಂದು ತಾನು ಕೂಗಿದಾಗಲೆಲ್ಲ ಆ ತೀರ್ಪನ್ನೇ ಮತ್ತೆ ಓದಿ ಹೇಳಿದಂತಾಗಿತ್ತು. ಮೇಸ್ತ್ರಿ ಬೋಲ್ಟನ್ನು ಹಿಂದಕ್ಕೆ ತಿರುಗಿಸಿ ತೆಗೆದ. ಡಬ್ಬಿಗೆ ಹಾಕಿದ. ಅದು ಬಿದ್ದ ಸದ್ದು ದೊಡ್ಡದಾಗಿ ಕೇಳಿಸಿತು. ಒಂದು ನಿಮಿಷ, ಎಂದು ಯಾರಿಗೋ ಹೇಳಿ ಹಿಂಬಾಗಿಲಿನಿಂದ ಮನೆಗೆ ಹೋದ.

ಹೊಲಿಗೆ ಯಂತ್ರದ ಚಕ್ರ ತಿರುಗುತ್ತಿತ್ತು. ಅವನು ಟ್ರಂಕಿನ ಮುಂದೆ ಮಂಡಿಯೂರಿ ಚಿಲಕದ ಜೊತೆ ಒದ್ದಾಡುವುದನ್ನು ಕಂಡು ಹೆಂಡತಿ ಚಕ್ರ ನಿಲ್ಲಿಸಿ ಎದ್ದು ಬಂದಳು. ಅವನ ಕೈ ಸರಿಸಿ ತಾನೇ ಚಿಲಕ ತೆಗೆದಳು. ಹೊದಿಕೆಗಳನ್ನು ಒಂದೊಂದಾಗಿ ಎತ್ತಿ ಮಡಿಲಲ್ಲಿಟ್ಟುಕೊಂಡು, ನೀಲಿ ಬಟ್ಟೆಯ ಸುತ್ತನ್ನು ತೆಗೆದು ಅವನಿಗೆ ಕೊಟ್ಟಳು. "ಹೇಳಿಬಿಡಿ," ಎಂದಳು. ಏನನ್ನು ಎಂದು ಅವಳಿಗೆ ಅವನು ಯಾವತ್ತೂ ಹೇಳಿರಲಿಲ್ಲ. ಏನೋ ಒಂದಿದೆ ಎಂಬಷ್ಟು ಮಾತ್ರ ಅವಳಿಗೆ ಗೊತ್ತಿತ್ತು. ಜೊತೆಯಲ್ಲಿ ಬಾಳಿದವರಿಗೆ ಅಷ್ಟು ಸಾಕಾಗುತ್ತದೆ.

ಶೆಡ್ಡಿಗೆ ಮರಳಿ ಬಂದು ಬಟ್ಟೆ ಬಿಚ್ಚಿ ಶಾಫ್ಟನ್ನು ಮೇಜಿನ ಮೇಲಿಟ್ಟ. ಅವನು ಮಾತು ಜೋಡಿಸಿಟ್ಟುಕೊಂಡಿದ್ದ, ಎಷ್ಟೋ ವರ್ಷದಿಂದ, ಹಲವು ಬಗೆಯಲ್ಲಿ. ಅವುಗಳಲ್ಲಿ ನರ್ಸಮ್ಮನ ಅವಸರ ಇತ್ತು, ವಯಸ್ಸಿನ ಹುಡುಗಾಟ ಇತ್ತು, ದೊಡ್ಡ ಮೇಸ್ತ್ರಿಯ ಹೆದರಿಕೆ ಇತ್ತು. ಈಗ ಅವೆಲ್ಲ ಎತ್ತ ಹೋದವೋ.

"ಆ ಕಿವಿ ಮುರಿದಿದ್ದು ನಿನ್ನ ಕೈಯಲ್ಲಲ್ಲ," ಎಂದ. "ನಾನು ಎಳೆದಾಗಲೇ ಬಿಟ್ಟಿತ್ತು. ಸದ್ದು ಕೇಳಿಸ್ತು ನನಗೆ. ಕೇಳಿಸಿದ ಮೇಲೆ ಸ್ಪಾನರು ನಿನಗೆ ಕೊಟ್ಟೆ."

ಭಾರಣ್ಣ ಮೇಜಿನ ಹತ್ತಿರ ಬಂದ. ಶಾಫ್ಟಿನ ತುದಿಯ ಮೂರು ಗೀಟನ್ನು ಉಗುರಿನಿಂದ ಒಂದೊಂದಾಗಿ ಮುಟ್ಟಿದ, ಎಣಿಸಿದಂತೆ. ಇದು ನಿಮ್ಮ ಹತ್ರಾನೇ ಇತ್ತಾ, ಎಂದು ಕೇಳಿದ. ನಿನಗೆ ಅಂತ ಇಟ್ಟಿದ್ದರಂತೆ, ಎಂದು ಮೇಸ್ತ್ರಿ ಹೇಳಿದ. ಕೊಡೋವಾಗ ಅವರೇ ಹೇಳಿದ್ರು. ಹೇಳಿದ ಮೇಲೆ ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವೆಂದು ತಿಳಿದು, ಅದರಿಂದ ಹಗುರವಾಗುವುದರ ಬದಲು ಕಾಲಿನ ಕೆಳಗಿನ ಹಲಗೆ ತೆಗೆದಂತಾಯಿತು. ಮೂಲೆಯಲ್ಲಿ ನರ್ಸಮ್ಮ ಛತ್ರಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ನನ್ನ ಮಗಳು ಹುಟ್ಟಿದಾಗ," ಎಂದು ಭಾರಣ್ಣ ನಿಧಾನವಾಗಿ, ಮೇಜನ್ನು ನೋಡುತ್ತ ಹೇಳಿದ, "ಈ ನರ್ಸಮ್ಮ ಬಟ್ಟೇಲಿ ಸುತ್ತಿ ನನ್ನ ಮುಂದೆ ಹಿಡಿದ್ರು. ನಾನು ಕೈ ಚಾಚ್ಲಿಲ್ಲ. ಅವಳು ನಡೆಯೋ ಹಾಗಾಗೋವರೆಗೂ ಎತ್ಕೊಂಡಿಲ್ಲ ನಾನು. ನನ್ನ ಹೆಂಡತಿ ನಾನು ಹೆಣ್ಣು ಅಂತ ಬೇಜಾರಾಗಿದೀನಿ ಅಂದ್ಕೊಂಡಳು. ಹಾಗೇ ಅಂದ್ಕೊಳ್ಲಿ ಅಂತ ಬಿಟ್ಟೆ."

ಇಷ್ಟು ಹೇಳಿ ಹೊರಗೆ ಹೋದ. ನಲ್ಲಿ ತಿರುಗಿಸಿದ್ದು ಕೇಳಿಸಿತು, ನೀರು ಬಕೆಟ್ಟಿಗೆ ಬೀಳುವುದು ಕೇಳಿಸಿತು, ಬಹಳ ಹೊತ್ತು. ಮೇಸ್ತ್ರಿ ನಿಂತಲ್ಲೇ ನಿಂತಿದ್ದ. ಹೋಗಿಯೇಬಿಡುತ್ತಾನೆ ಎಂದು ಅನ್ನಿಸಿತು, ಹೋಗಲಿ, ಹೋಗುವ ಹಕ್ಕು ಅವನದು. ಆದರೆ ಎಂಜಿನ್ನು ತೂಗುತ್ತಿದ್ದುದು ಅವನ ಸರಪಳಿಗೆ. ಇಂಥ ಹೊತ್ತಿನಲ್ಲೂ ಅದು ತಲೆಗೆ ಬಂದು, ತನ್ನ ಮೇಲೆ ತನಗೇ ನಗು ಬರುವಂತಾಯಿತು. ನರ್ಸಮ್ಮ ಅವನನ್ನು ನೋಡದೆ, ನಾನೂ ಹೆಸರಿಟ್ಟೆನಲ್ಲಪ್ಪ, ಎಂದರು. ಎಷ್ಟು ಮಕ್ಕಳಿಗೆ ಹೆಸರು ಸೂಚಿಸಿದೀನಿ, ಒಂದಾದರೂ ಇಷ್ಟು ಗಟ್ಟಿಯಾಗಿ ನಿಂತಿಲ್ಲ. ತಗಡಿನ ತೂತಿನಿಂದ ಬಿಸಿಲಿನ ಒಂದು ಕಾಸಗಲ ಬಿಲ್ಲೆ ನೆಲಕ್ಕೆ ಬಿದ್ದಿತ್ತು. ಯಾವಾಗ ಮೋಡ ಸರಿಯಿತೋ. ಆ ಬಿಲ್ಲೆ ಸರಿಯುತ್ತ ಸರಿಯುತ್ತ ಮೇಸ್ತ್ರಿಯ ಬೂಟಿನ ತುದಿಗೆ ಬರುವ ಹೊತ್ತಿಗೆ ನಲ್ಲಿ ನಿಂತಿತು.

ಭಾರಣ್ಣ ಒದ್ದೆ ಕೈಯನ್ನು ಅಂಗಿಯ ಚುಂಗಿಗೆ ಒರೆಸುತ್ತ ಒಳಗೆ ಬಂದ. ಮುಖವನ್ನೂ ತೊಳೆದಿದ್ದ.

"ಆಯ್ತು ಬಿಡು ಅಂತ ಇವತ್ತೇ ಹೇಳೋಕೆ ನನ್ನ ಕೈಲಾಗಲ್ಲ," ಎಂದ. ಸ್ವಲ್ಪ ತಡೆದು, "ಲೋ, ಆ ಮುಚ್ಚಳದ ಬೋಲ್ಟು ಸಡಿಲ ಮಾಡು. ಪೊರಕೆ ಕಡ್ಡೀಲಿ ಯಾರಾದ್ರೂ ಕ್ಲಚ್ಚು ಕೂರಿಸ್ತಾರಾ?" ಎಂದ.

ಲೋ ಎಂಬ ಆ ಒಂದು ಅಕ್ಷರಕ್ಕೆ ಮೇಸ್ತ್ರಿಯ ಮೈ ತಾನಾಗಿ ತಿರುಗಿತು, ಇಪ್ಪತ್ತೆಂಟು ವರ್ಷದ ಹಿಂದೆ ತಿರುಗುತ್ತಿದ್ದ ಹಾಗೆ. ಅವನು ಬೋಲ್ಟು ಸಡಿಲಿಸಿದ. ಒಂದು ಕೈಜಾರಿ ಕೆಳಗೆ ಬಿತ್ತು. ನೋಡ್ಕೊಂಡು ಮಾಡು, ಎಂದ ಭಾರಣ್ಣ, ಬಗ್ಗಿ ಅದನ್ನು ಎತ್ತಿಕೊಟ್ಟು. ಮೇಸ್ತ್ರಿ ಶಾಫ್ಟನ್ನು ತೆಗೆದುಕೊಳ್ಳಲಿಲ್ಲ. ಮೇಜಿನ ಕಡೆ ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಭಾರಣ್ಣ ತುಸು ಹೊತ್ತು ತನ್ನ ಬಲಗೈಯನ್ನೇ ನೋಡಿಕೊಂಡ. ದೂರದ ಊರಿನಿಂದ ಬಂದವರನ್ನು ಗುರುತು ಹಿಡಿಯುವಂಥ ನೋಟ. ಆಮೇಲೆ ಶಾಫ್ಟು ಎತ್ತಿ, ಮೂರು ಗೀಟಿನ ತುದಿಯನ್ನು ಎರಡು ಬೆರಳಿನಲ್ಲಿ ಮಾತ್ರ ಹಿಡಿದು, ಪ್ಲೇಟಿನೊಳಗೆ ತೂರಿಸಿದ. ತಳ್ಳಲಿಲ್ಲ. ಹಿಡಿದು, ಸ್ವಲ್ಪ ಹೊರಳಿಸಿ, ಕಾದ. ಪ್ಲೇಟು ಕಣ್ಣಿಗೆ ಕಾಣಿಸದಷ್ಟು ಸರಿಯಿತು, ಶಾಫ್ಟಿನ ಮೂತಿ ಒಳಗಿನ ತೂತಿಗೆ ಕೂತಿತು. ಬಿಗಿ ಈಗ, ಎಂದ. ಮೇಸ್ತ್ರಿ ಅಡ್ಡಡ್ಡಲಾಗಿ ಒಂದೊಂದೇ ಬೋಲ್ಟನ್ನು ಬಿಗಿಯುತ್ತ ಬಂದ. ಕೊನೆಯದು ಬಿಗಿದಾದ ಮೇಲೆ ಭಾರಣ್ಣ ಶಾಫ್ಟನ್ನು ಹೊರಗೆಳೆದ. ಎಣ್ಣೆಯಲ್ಲಿ ಬೆರಳು ಎಳೆದಷ್ಟು ಸಲೀಸಾಗಿ ಬಂತು.

ಮತ್ತೆ ಗೇರ್‌ಬಾಕ್ಸನ್ನು ಜಾಕಿನ ಮೇಲೆ ತಂದರು. ಈ ಸಲ ತಳ್ಳಿದವನು ಭಾರಣ್ಣ. ಮೇಸ್ತ್ರಿ ಹಿಂದಿನ ತುದಿಯನ್ನು ಹಿಡಿದು ಮಟ್ಟ ನೋಡಿದ. ಹಲ್ಲಿಗೆ ಹಲ್ಲು ಕೂಡಿತು. ಸಂದು ನಾಲ್ಕು ಬೆರಳಾಯಿತು, ಎರಡಾಯಿತು, ಒಂದಾಯಿತು. ಅಲ್ಲಿ ನಿಂತಿತು. ಭಾರಣ್ಣ ಅಂಗೈಯನ್ನು ಗಂಟೆಬಾಯಿಯ ಬೆನ್ನಿಗೆ, ಬೆಸುಗೆಯ ಗಂಟಿನ ಪಕ್ಕದಲ್ಲೇ, ಸುಮ್ಮನೆ ಇಟ್ಟ. ನಿದ್ದೆ ಹತ್ತದ ಮಗುವಿನ ಬೆನ್ನ ಮೇಲೆ ಇಟ್ಟ ಹಾಗೆ. ಗೇರ್‌ಬಾಕ್ಸು ಒಂದು ಕೂದಲಷ್ಟು ಹೊರಳಿ, ತಕ್ ಎಂದು ಸಣ್ಣಗೆ ಸದ್ದು ಮಾಡಿ, ಉಳಿದ ಜಾಗವನ್ನು ತಾನಾಗಿಯೇ ದಾಟಿ ಎಂಜಿನ್ನಿಗೆ ಒರಗಿಕೊಂಡಿತು. ಬೆರಳಲ್ಲ, ಕಾಗದವೂ ತೂರದು. ನರ್ಸಮ್ಮ, ತಲೆ ಬಂತು, ಎಂದರು, ಅವರ ಕಸುಬಿನ ಮಾತಿನಲ್ಲಿ. ಮೂವರಿಗೂ ಒಟ್ಟಿಗೆ ನಗು ಬಂತು, ಭಾರಣ್ಣನಿಗೆ ಎಲ್ಲರಿಗಿಂತ ಕೊನೆಗೆ, ಸ್ವಲ್ಪ ಮನಸ್ಸಿಲ್ಲದೆ.

ಆಮೇಲಿನದು ಬರೀ ಕೆಲಸ. ಕೆಲಸಕ್ಕಿಂತ ದೊಡ್ಡ ಕರುಣೆ ಇನ್ನಾವುದಿದೆ ಎಂದು ಮೇಸ್ತ್ರಿಗೆ ಅನ್ನಿಸಿತು. ಮಾತು ಸಾಲದ ಕಡೆ ಅದು ಬಂದು ಕೂರುತ್ತದೆ. ಆರು ಕಿವಿಗೂ ಬೋಲ್ಟು ಹಾಕಿದರು, ಹಿಡಿದುಕೊಳ್ಳುವುದಕ್ಕೆ. ಬಾಲ ಕೆಳಗಾಗಿ ಮೂತಿ ಮೇಲಾಗಿ ಎಂಜಿನ್ನನ್ನು ಓರೆಯಾಗಿ ಎತ್ತಿದರು. ಎತ್ತಿದ್ದು ಅಲ್ಲೇ ನಿಂತಿತು. ಕಾರನ್ನೇ ಹಿಂದಿನಿಂದ ತಳ್ಳಿಕೊಂಡು ಅದರಡಿಗೆ ತಂದರು. ನರ್ಸಮ್ಮ ಬೇಡವೆಂದರೂ ಕೇಳದೆ ಸ್ಟೇರಿಂಗು ಹಿಡಿದು ನೇರ ಮಾಡಿದರು. ಭಾರಣ್ಣ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಇಳಿಸುತ್ತ ಹೋದ, ಮೇಸ್ತ್ರಿ ಕೆಳಗೆ ಮಲಗಿ ಬಾಲವನ್ನು ದಾರಿಗೆ ತರುತ್ತ ಹೋದ. ಇನ್ನೂ, ಎಂದರೆ ಇನ್ನೂ. ಸಾಕು, ಎಂದರೆ ಸಾಕು. ಬೆನ್ನ ಕೆಳಗಿನ ನೆಲ ತಂಪಾಗಿತ್ತು. ಮೇಲಿಂದ ಮುನ್ನೂರು ಸೇರಿನ ಕಬ್ಬಿಣ ಒಬ್ಬನ ಕೈಯಳತೆಯಲ್ಲಿ ತನ್ನ ಎದೆಯ ಕಡೆಗೆ ಇಳಿಯುತ್ತಿದೆ, ಆ ಕೈ ಯಾರದೆಂದೂ ಗೊತ್ತು, ತಾನು ಆ ಕೈಗೆ ಏನು ಮಾಡಿದೆನೆಂದೂ ಗೊತ್ತು. ಗೊತ್ತಿದ್ದೂ ಅವನಿಗೆ ಹೆದರಿಕೆಯಾಗಲಿಲ್ಲ. ನಾನು ಮುಟ್ಟಿದ್ದು ಕೆಡದಿರಲಿ ಎಂಬ ಬೆಳಗಿನ ಮಾತು, ಯಾರೂ ಕರೆಯದೆ, ಬಾಯಿಗೆ ಬಂತು. ಈ ಸಲ ಅದು ಬೇರೆಯಾಗಿತ್ತು. ಕೆಟ್ಟದ್ದು ಮತ್ತೆ ಕೂಡಲಿ ಎಂದಿತು.

ಮೂರು ಗಂಟೆಯ ಹೊತ್ತಿಗೆ ಕೊನೆಯ ಹೋಸು, ಕೊನೆಯ ತಂತಿ ಸೇರಿತು. ನೀರು ತುಂಬಿಸಿ, ಎಣ್ಣೆ ಹೊಯ್ದು, ನರ್ಸಮ್ಮನನ್ನು ಕೂರಿಸಿದರು. ಮೊದಲ ಸಲ ಎಂಜಿನ್ನು ಗೊಣಗಿ ಸುಮ್ಮನಾಯಿತು. ಎರಡನೆಯ ಸಲ ಕೆಮ್ಮಿತು. ಮೂರನೆಯ ಸಲ ಹಿಡಿದುಕೊಂಡು, ಒಂದು ಕ್ಷಣ ಎಡವಿ, ಒಂದೇ ಸಮನೆ ಓಡತೊಡಗಿತು. ಶೆಡ್ಡಿನ ತಗಡು ಸಣ್ಣಗೆ ಗುಂಯ್‌ಗುಟ್ಟಿತು. ನರ್ಸಮ್ಮ ಕ್ಲಚ್ಚು ಒತ್ತಿ ಮೊದಲನೆಯ ಗೇರು ಹಾಕಿದರು. ಬಿದ್ದದ್ದೇ ತಿಳಿಯಲಿಲ್ಲ. ಇದು ಹೊಸದರಲ್ಲೂ ಹೀಗೆ ಬೀಳ್ತಿರ್ಲಿಲ್ಲ, ಯಾರು ಕೂರಿಸಿದ್ದು, ಎಂದು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು, ಗೊತ್ತಿದ್ದೂ.

"ಇವನು," ಎಂದ ಮೇಸ್ತ್ರಿ. ಮನೆಯ ಬಾಗಿಲಲ್ಲಿ ಬಂದು ನಿಂತಿದ್ದ ಹೆಂಡತಿಗೂ ಕೇಳಿಸುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ. "ಕೂರಿಸಿದ್ದು ಇವನು. ಅವತ್ತು ಮುರಿದಿದ್ದು ನಾನು."

ಭಾರಣ್ಣ ಅಭ್ಯಾಸದಂತೆ ಉಪಕರಣಗಳನ್ನೆಲ್ಲ ಒರೆಸಿ ಮೇಜಿನ ಮೇಲೆ ಅಳತೆಯ ಪ್ರಕಾರ ಸಾಲಾಗಿ ಇಡುತ್ತಿದ್ದ. ಈ ಮಾತಿಗೆ ತಲೆಯೆತ್ತಲಿಲ್ಲ. ಸಾಲಿನ ಕೊನೆಯಲ್ಲಿ ಶಾಫ್ಟನ್ನೂ ಒರೆಸಿ ಇಟ್ಟ. ನರ್ಸಮ್ಮ ಹಾರನ್ನು ಒಂದು ಸಲ ಒತ್ತಿ, ಸ್ಟ್ಯಾಂಡು ಇಲ್ಲೇ ಇರಲಿ, ನಾಳೆ ಒಯ್ದರಾಯ್ತು, ಹತ್ತು ಬಾ, ನಿನ್ನ ಮಗಳ ಮನೆವರೆಗೂ ಹೋಗಿಬರೋಣ, ಮೊಮ್ಮಗಳನ್ನ ನಾನೂ ಎತ್ತಿ ನೋಡಬೇಕು, ಎಂದರು. ಕೈ ಪೂರ್ತಿ ಎಣ್ಣೆ, ಎಂದ ಭಾರಣ್ಣ. ಅಲ್ಲಿ ಸೋಪಿರುತ್ತೆ, ಎಂದರು ನರ್ಸಮ್ಮ. ಅವನು ಸ್ವಲ್ಪ ಹೊತ್ತು ಆಚೀಚೆ ನೋಡಿದ. ಆಮೇಲೆ ಸುತ್ತು ಹಾಕಿ ಬಂದು ಮುಂದಿನ ಸೀಟಿನಲ್ಲಿ, ಅಂಚಿಗೆ, ಯಾವುದಕ್ಕೂ ತಾಗದಂತೆ ಕೂತ.

ಮೇಸ್ತ್ರಿ ಮೇಜಿನ ಮೇಲಿದ್ದ ಶಾಫ್ಟನ್ನು ನೀಲಿ ಬಟ್ಟೆಯಲ್ಲಿ ಸುತ್ತಿದ. ಬಟ್ಟೆ ದೊಡ್ಡ ಮೇಸ್ತ್ರಿ ಸುತ್ತಿದ ಮಡಿಕೆಗಳಲ್ಲೇ ತಾನಾಗಿ ಮಡಿಸಿಕೊಂಡಿತು. ಕಾರಿನ ಹತ್ತಿರ ಬಂದು ಕಿಟಕಿಯಿಂದ ಒಳಗೆ ಚಾಚಿದ. ಭಾರಣ್ಣ ಅದನ್ನು ನೋಡಿದ, ಆಮೇಲೆ ಎಣ್ಣೆಗೈ ಎರಡನ್ನೂ ಪ್ಯಾಂಟಿಗೆ ಒರೆಸಿಕೊಂಡು, ಚಾಚಿ, ತೆಗೆದುಕೊಂಡ.